ಜೋತುಬಿದ್ದ ರೆಕ್ಕೆ

ಗೌರವ್ವ ಆ ಒಂದು ಮಾತು ಆಡದೆ ಹೋಗಿದ್ದರೆ ಉದ್ದಪ್ಪನ ರವಿವಾರ ಸುಖವಾಗಿಯೇ ಕಳೆಯುತ್ತಿತ್ತು.

ಉದ್ದಪ್ಪನದು ಗೋಕಾಕದ ಪೇಟೆಯಲ್ಲಿ ಕರದಂಟಿನ ಅಂಗಡಿ. ಅಂಟು ಕರಿದು, ಬೆಲ್ಲದ ಪಾಕದಲ್ಲಿ ಒಣಕೊಬ್ಬರಿ, ಗೋಡಂಬಿಗಳನ್ನು ಒಂದಕ್ಕೊಂದು ಹಿಡಿಸುವುದರಲ್ಲಿ ಅವನ ಕೈ ಪಳಗಿತ್ತು. ಆ ಧೈರ್ಯದ ಮೇಲೆಯೇ ಮಾವ ಕಾಶಿನಾಥರ ಹತ್ತಿರ ಪ್ಲಾಸ್ಟಿಕ್ ವಿಮಾನದ ಡಬ್ಬಿ ಇಸಿದುಕೊಂಡು ಬಂದಿದ್ದ. ಮಾವ ವಿಮಾನದಳದಲ್ಲಿ ಮೆಕ್ಯಾನಿಕ್ ಆಗಿ ದುಡಿದು ಈಗ ಮೂಡಲಗಿಯಲ್ಲಿ ಹಾಯಾಗಿ ಕೂತವರು. ತಾವು ರಿಪೇರಿ ಮಾಡುತ್ತಿದ್ದ, ಸಾಮಾನು ಸಾಗಿಸುವ ದೊಡ್ಡ ವಿಮಾನದ ಪುಟ್ಟ ಮಾದರಿಯೊಂದನ್ನು ಎಂದೋ ಕೊಂಡಿಟ್ಟಿದ್ದರು. ಕಣ್ಣು ಮಂದವಾಗಿ ಅದರ ಬಿಡಿಭಾಗ ಜೋಡಿಸಲು ಆಗಿರಲಿಲ್ಲ.

"ಅಂಟಿನ ಕೆಲಸ ನನಗ ಬಿಡ್ರಿ ಮಾವಾರ," ಎಂದಿದ್ದ ಉದ್ದಪ್ಪ.

ಹಾಗೆ ಹೇಳಲು ಕಾರಣವಿತ್ತು. ಮದುವೆಯಾದಾಗಿನಿಂದ ಮಾವನ ಬಾಯಲ್ಲಿ ಅವನು "ಛಲೋ ಐತಿ" ಎಂಬ ಮಾತು ಕೇಳಿದ್ದು ಒಂದೇ ಸಲ. ಅದು ಮದುವೆಯ ಹೋಳಿಗೆಗೆ ಹೇಳಿದ್ದು ಎಂದು ಆಮೇಲೆ ತಿಳಿದಿತ್ತು.

ವಿಮಾನ ಶನಿವಾರವೇ ಸಿದ್ಧವಾಗಿತ್ತು. ರವಿವಾರ ಸಂಜೆ ಮಾವ ಬಂದು ನೋಡುವುದಷ್ಟೇ ಬಾಕಿ. ಉದ್ದಪ್ಪ ಅದನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟು, ಮಗನ ಮೆರವಣಿಗೆ ನೋಡುವ ತಂದೆಯಂತೆ ನೋಡುತ್ತ ಕೂತಿದ್ದಾಗ ಪಕ್ಕದ ಮನೆಯ ಗೌರವ್ವ ಬಂದಳು.

"ಏನೋ ಉದ್ದಪ್ಪ, ಇದರ ರೆಕ್ಕಿ ಎರಡೂ ಜೋತ ಬಿದ್ದಾವಲ್ಲೋ? ಮಳ್ಯಾಗ ತೊಯ್ದ ಕಾಗಿ ಕುಂತಂಗ ಕಾಣತೈತಿ."

ಉದ್ದಪ್ಪ ಬಗ್ಗಿ ನೋಡಿದ. ಖರೆ, ರೆಕ್ಕೆಗಳ ತುದಿಗಳು ಕೆಳಗಿಳಿದಿದ್ದವು. ಹಳೆಯ ಡಬ್ಬಿಯಲ್ಲಿ ಜೋಡಿಸುವ ಕ್ರಮದ ಹಾಳೆ ಇರಲಿಲ್ಲ. ಮೇಲಿನ ಚಿತ್ರ ಆಕಾಶದಿಂದ ನೋಡಿದಂತೆ ಬರೆದದ್ದು. ರೆಕ್ಕೆ ಏರಿದೆಯೋ ಇಳಿದಿದೆಯೋ ಅದರಲ್ಲಿ ಗೊತ್ತಾಗುತ್ತಿರಲಿಲ್ಲ. ಅಂಟು ಒಣಗುವ ಮೊದಲೇ ಭಾರಕ್ಕೆ ಜಗ್ಗಿರಬೇಕು ಎಂದುಕೊಂಡ.

ಬಾಜೂ ಐಸ್‌ಕ್ರೀಮ್ ಅಂಗಡಿಯ ಸುನೀಲ ಕರೆಯುವ ಮೊದಲೇ ಬಂದ. "ಕಾಕಾ, ಈ ಅಂಟು ಥಂಡಿಗೆ ಬಿರುಸಾಗತೈತಿ. ನನ್ನ ಫ್ರೀಜರ್‌ನ್ಯಾಗ ಇಡೂಣು, ಆಮ್ಯಾಲ ಟಕ್ ಅಂತ ಬಿಡತೈತಿ. ಮೊಬೈಲ್‌ನ್ಯಾಗ ನೋಡೇನಿ."

ವಿಮಾನ ಕುಲ್ಫಿ ಮತ್ತು ಪಿಸ್ತಾದ ನಡುವೆ ಇಳಿಯಿತು. ಕುಲಗೋಡದಿಂದ ಸಂತೆಗೆ ಬಂದಿದ್ದ ಗಿರಾಕಿಯೊಬ್ಬ ಮುಚ್ಚಳ ತೆಗೆದು, "ಇದ ಯಾವ ಫ್ಲೇವರ್‌ರಿ?" ಎಂದು ಕೇಳಿದ.

ಸುನೀಲ ಹೇಳಿದ್ದು ಸುಳ್ಳಾಗಲಿಲ್ಲ. ಮೊದಲ ರೆಕ್ಕೆ ಟಕ್ಕೆಂದು ಬಿಟ್ಟಿತು. ಎರಡನೆಯದು ತವರು ಬಿಡುವ ಮದುಮಗಳಂತೆ ವಿಮಾನದ ಹೊಟ್ಟೆಯ ಚೂರೊಂದನ್ನು ಕಟ್ಟಿಕೊಂಡೇ ಬಂತು.

ಉಳಿದಿದ್ದ ಹಳೆಯ ಅಂಟನ್ನು ತೆಗೆಯುವ ಉಪಾಯ ಎದುರಿನ ಬ್ಯೂಟಿ ಪಾರ್ಲರಿನ ರಾಧಿಕಾಳದು. ಅವಳು ಉಗುರಿನ ಬಣ್ಣ ತೆಗೆಯುವ ಶೀಸೆ ತಂದಳು. ಹತ್ತಿಯಲ್ಲಿ ತಿಕ್ಕಿದಾಗ ಅಂಟು ಹೋಯಿತು. ಅದರ ಬೆನ್ನಿಗೆ ಪ್ಲಾಸ್ಟಿಕ್ಕೂ ಬಿಸಿ ಪಾಕದಂತೆ ಮೆತ್ತಗಾಗಿ, ಉದ್ದಪ್ಪನ ಹೆಬ್ಬೆರಳ ಗುರುತು ಅದರಲ್ಲಿ ಸ್ಪಷ್ಟವಾಗಿ ಮೂಡಿತು.

"ಅಯ್ಯ, ಆಧಾರ್ ಕಾರ್ಡಿಗೆ ಹಚ್ಚಿದಂಗ ಆತ ನೋಡ್ರಿ ಅಣ್ಣಾ!" ಎಂದಳು ರಾಧಿಕಾ. ತಾನೇ ಉಗುರು ಉಜ್ಜುವ ಅರ ತಂದು ಆ ಗುರುತನ್ನು ಉಜ್ಜಿಕೊಟ್ಟಳು.

ಊಟದ ಹೊತ್ತು ಮೀರಿತು. ಗೌರವ್ವ ಒಂದು ರೆಕ್ಕೆ, ಸುನೀಲ ಒಂದು ರೆಕ್ಕೆ ಹಿಡಿದರು. ತಕ್ಕಡಿಯ ದಂಡಿಯನ್ನು ಪಕ್ಕದಲ್ಲಿಟ್ಟು, ಅದರ ನೇರಕ್ಕೆ ಉದ್ದಪ್ಪ ಹೊಸ ಅಂಟು ಹಚ್ಚಿದ. ಧೂಳು ಬೀಳದಿರಲೆಂದು ಮೇಲೆ ಗಾಜಿನ ದೊಡ್ಡ ಭರಣಿ ಮುಚ್ಚಿದ. ತೆಗೆದಾಗ ಅಂಟಿನ ಆವಿ ಬಡಿದು ಪೈಲಟ್ ಕೂರುವ ಕಡೆಯ ಗಾಜು ಬೆಳ್ಳಗಾಗಿತ್ತು.

"ಪೈಲಟ್‌ನ ಕಣ್ಣಿಗೆ ಮೋತಿಬಿಂದಿನ ಪೊರಿ ಬಂತೋ!" ಎಂದಳು ಗೌರವ್ವ.

ಕಡೆಗೆ ಉದ್ದಪ್ಪನ ಹೆಂಡತಿ ಶೈಲಾ ಬಂದು, ಯಾರ ಮಾತೂ ಕೇಳದೆ, ಬಟ್ಟೆಯ ಮೇಲೆ ಟೂತ್‌ಪೇಸ್ಟ್ ಹಾಕಿಕೊಂಡು ಗಾಜನ್ನು ನಿಧಾನಕ್ಕೆ ಉಜ್ಜಿದಳು. ಗಾಜು ತಿಳಿಯಾಯಿತು. ರೆಕ್ಕೆಗಳು ತಕ್ಕಡಿಯ ದಂಡಿಯಷ್ಟೇ ನೇರವಾಗಿದ್ದವು. ಎಲ್ಲರೂ ಚಹಾ ಕುಡಿದರು. ಉದ್ದಪ್ಪನಿಗೆ ಇಡೀ ಪೇಟೆಯ ಮೇಲೆ ಪ್ರೀತಿ ಬಂದಿತು.

ಸಂಜೆ ಕಾಶಿನಾಥರು ಬಂದರು. ಕಾಲು ತೊಳೆದು ಕುರ್ಚಿಯಲ್ಲಿ ಕೂತು ವಿಮಾನವನ್ನು ತೊಡೆಯ ಮೇಲಿಟ್ಟುಕೊಂಡರು. ಕಣ್ಣಿಗಿಂತ ಬೆರಳಿನಿಂದಲೇ ನೋಡಿದರು. ಮೂಗು, ಗಾಜು, ಬೆನ್ನು. ಬೆರಳು ರೆಕ್ಕೆಯ ಮೇಲೆ ಹೋಗಿ ನಿಂತಿತು.

"ಇದನ್ನ ಯಾರ ಎತ್ತಿದವರು?"

"ಅಂದ್ರ, ಮಾವಾರ?"

"ಇದರ ರೆಕ್ಕಿ ಕೆಳಗ ಇಳಿದಿರಬೇಕೋ. ಮಳಿ ಬಂದಾಗ ಅದರ ಬುಡಕಽ ನಿಂತು ಚಹಾ ಕುಡದೇವಿ ನಾವು. ಆ ಇಳಕಲಽ ಇದರ ಚಂದ."

ಉದ್ದಪ್ಪ ರಾಧಿಕಾಳ ಕಡೆ, ರಾಧಿಕಾ ಸುನೀಲನ ಕಡೆ, ಸುನೀಲ ಗೌರವ್ವನ ಕಡೆ ನೋಡಿದರು.

"ನಾ ಮುಂಜಾನಿನಽ ಅಂದಿನಿ," ಎಂದಳು ಗೌರವ್ವ, "ಮೊದಲ ಇದ್ದದ್ದಽ ಬೇಷ್ ಇತ್ತಂತ." ಹೇಳಿ ಮನೆಗೆ ನಡೆದಳು. ಸುನೀಲನಿಗೆ ಗಿರಾಕಿ ನೆನಪಾಯಿತು, ರಾಧಿಕಾಳಿಗೆ ಒಲೆಯ ಮೇಲಿನ ಹಾಲು.

ಉದ್ದಪ್ಪ ನಡೆದದ್ದೆಲ್ಲ ಹೇಳಿದ. ಬೈಗುಳಕ್ಕೆ ತಲೆ ತಗ್ಗಿಸಿ ನಿಂತ. ಆದರೆ ಮಾವ ಅಂಗಿಯ ತೋಳು ಮಡಚಿದರು. "ಹಸಿ ಅಂಟು, ಈಗಽ ಬಿಡತೈತಿ. ನೀ ಹಚ್ಚು, ನಾ ಹಿಡೀತೀನಿ. ವಿಮಾನದ ರೆಕ್ಕಿ ಹೆಂಗ ಕೂಡಿಸೋದು ತೋರಸ್ತೀನಿ. ಮುಗಿಸಿ ಕಡೀ ಬಸ್ಸಿಗೆ ಹೋಗಾಂವ ನಾ."

ಹುಷಾರಾಗಿ ಎಳೆದಾಗ ಎರಡೂ ರೆಕ್ಕೆ ಬಿಟ್ಟವು. ಹೊಸ ಅಂಟು ಬಿತ್ತು. ಒಂದು ರೆಕ್ಕೆ ತನ್ನ ಇಳುಕಲಿಗೆ ಚಂದವಾಗಿ ಕೂತಿತು. ಇನ್ನೊಂದನ್ನು ಮಾವ ಒತ್ತಿ ಹಿಡಿದು, ಹಿಮದ ನಾಡಿನಲ್ಲಿ ಕೆಟ್ಟುನಿಂತ ಎಂಜಿನ್ನಿನ ಕತೆ ಶುರುಮಾಡಿದರು. ಅಳಿಯನ ಮುಂದೆ ಅವರು ಇಷ್ಟು ಮಾತಾಡಿದ್ದು ಇದೇ ಮೊದಲು. ಉದ್ದಪ್ಪ ಬಾಯಿ ತೆರೆದು ಕೇಳಿದ.

"ಆತ್ರಿ ಮಾವಾರ, ಇನ್ನ ಕೈ ಬಿಡ್ರಿ."

ಕಾಶಿನಾಥರು ಕೈ ಎತ್ತಿದರು. ವಿಮಾನವೂ ಎದ್ದು ಬಂತು.

ಅಲುಗಾಡಿಸಿದರು. ವಿಮಾನವೂ ಅಲುಗಾಡಿತು. ಹೊರಗೆ ಮೂಡಲಗಿಯ ಕಡೆಯ ಬಸ್ಸು ಹಾರ್ನ್ ಹೊಡೆದು ಹೋಯಿತು.

ಶೈಲಾ ಬೋಗುಣಿಯಲ್ಲಿ ಬೆಚ್ಚನೆಯ ಸೋಪಿನ ನೀರು ತಂದಳು. ಉದ್ದಪ್ಪ ಮಾವನ ಬೆರಳನ್ನು ಅದರಲ್ಲಿ ನೆನೆಸಿ, ಹೂವಿನಂತೆ, ಕೂಸಿನಂತೆ, ಮೆಲ್ಲಗೆ ಬಿಡಿಸಿದ. ಬಿಟ್ಟದ್ದು ಬೆರಳಲ್ಲ, ರೆಕ್ಕೆ.

ಬೆರಳ ತುದಿಗೆ ಅಂಟಿ ನಿಂತ ರೆಕ್ಕೆಯನ್ನು ಕಾಶಿನಾಥರು ದೀಪಕ್ಕೆ ಹಿಡಿದು, ಅದರ ಅಂಚನ್ನು ತುಸು ಹೊತ್ತು ಪರೀಕ್ಷಿಸಿದರು.

"ಒಂದ ಚೂರೂ ಮುರಿದಿಲ್ಲ," ಎಂದರು. "ಉದ್ದಪ್ಪ, ಅಂಟಸೋದು ನಿನಗ ಬರೂದಿಲ್ಲ. ಖರೆ, ಬಿಡಸೋದು ಛಲೋ ಐತಿ." ಆಮೇಲೆ ಮಗಳ ಕಡೆ ತಿರುಗಿದರು. "ಶೈಲಾ, ಹಾಸಿಗಿ ಹಾಸವಾ. ಇದು ಮುಗಿಯೂತನಕಾ ನಾ ಇಲ್ಲೇ ಇರತೀನಿ."