ಬಿಡಬೇಕಾಗಿದ್ದ ಹಲಗೆ

ಆ ದಿನದ ರಾಮಾಯಣಕ್ಕೆಲ್ಲ ಕಾರಣ, ಪಾತ್ರೆಯಲ್ಲಿ ಕುದಿಯುತ್ತಿದ್ದ ಗೇಣುದ್ದದ ಒಂದು ಪ್ಲೈವುಡ್ ಹಲಗೆ. ಅದರ ಪದರ ಬಿಟ್ಟುಕೊಳ್ಳಬೇಕಿತ್ತು, ಬಿಟ್ಟುಕೊಳ್ಳುತ್ತಿರಲಿಲ್ಲ.

ಪ್ಲೈವುಡ್ ಕಾರ್ಖಾನೆಯ ಲ್ಯಾಬಿನ ಕೆಮಿಸ್ಟರಿಗೆ ಒಂಬತ್ತು ವರ್ಷ ಸೋಯಾ ಹಿಟ್ಟು ಕಲಸಿ ಕಲಸಿ ‘ಹಿಟ್ಟಿನ ಸಾರ್’ ಎಂಬ ಹೆಸರೇ ಬಿದ್ದಿತ್ತು. ಹಳೆಯ ಬೀರು, ಮೇಜುಗಳ ಪದರ ಬಿಡಿಸಲಾಗದೆ ಜನ ಒಡೆದು ಸುಡುವುದನ್ನು ಕಂಡರೆ ಅವರ ಕರುಳು ಚುರುಕ್ ಎನ್ನುತ್ತಿತ್ತು. ಅದಕ್ಕೇ ಈ ಹಿಟ್ಟಿನ ಅಂಟು. ಮನೆಯಲ್ಲಿರುವಷ್ಟು ಕಾಲ ಗಟ್ಟಿ. ಕುದಿನೀರಿಗೆ ಹಾಕಿದರೆ ಅರ್ಧ ಗಂಟೆಯಲ್ಲಿ ಪದರಗಳು ಬೇರೆ ಬೇರೆ, ಮರ ಮತ್ತೆ ಬಳಕೆಗೆ. ಅದನ್ನು ನೋಡಲೆಂದೇ ದೊಡ್ಡ ಗಿರಾಕಿಯೊಬ್ಬರು ಬಂದು ಕೂತಿದ್ದರು. “ಇವತ್ತು ಆಗ್ಲಿಲ್ವೋ, ಲ್ಯಾಬಿಗೆ ಬೀಗ” ಎಂದು ಧಣಿ ಮೊದಲೇ ಹೇಳಿಬಿಟ್ಟಿದ್ದರು.

ಮುಕ್ಕಾಲು ಗಂಟೆಯಾಯಿತು. ಹಲಗೆ ಜಪ್ಪಯ್ಯ ಎನ್ನಲಿಲ್ಲ.

“ಉರಿ ಸಾಲ್ದು ಸಾರ್” ಎಂದು ಕ್ಯಾಂಟೀನಿನ ಅಡುಗೆಯವ ಒಲೆ ಜೋರು ಮಾಡಿದ. ನೀರು ಉಕ್ಕಿ ಗಿರಾಕಿಯ ಬೂಟಿನ ಮೇಲೆ ಬಿತ್ತು. “ಒಂದ್ ಹಿಡಿ ಉಪ್ಪು ಹಾಕಿ” ಎಂದರು ಗುಮಾಸ್ತರು, ತಾವೇ ಹಾಕಿಯೂ ಬಿಟ್ಟರು. ಡ್ರೈವರ್ ಇಕ್ಕಳ ತಂದು ಜಗ್ಗಿದ. ಇಕ್ಕಳದ ಹಿಡಿಯೇ ಕಿತ್ತುಬಂತು. ಹಿಟ್ಟಿನ ಸಾರ್‌ಗೆ ಗಡಿಯಾರದ ಮೇಲೇ ಕಣ್ಣು.

ಆಗ ಹಲಗೆ ಒತ್ತುವ ಪ್ರೆಸ್ಸಿನ ಮೇಸ್ತ್ರಿ ಅವರನ್ನು ಮೆಲ್ಲಗೆ ಬಾಗಿಲ ಹಿಂದಕ್ಕೆ ಎಳೆದರು.

“ಸಾರ್, ಅದು ಬಿಡಲ್ಲ. ನಿನ್ನೆ ನಾನೇ ಸರಿ ಮಾಡಿಟ್ಟಿದೀನಿ.”

“ಏನ್ ಸರಿ ಮಾಡಿದ್ರಿ?”

“ನನ್ನ ಪ್ರೆಸ್ಸಿಂದ ಹೊರಗೆ ಹೋಗೋ ಮಾಲನ್ನ ಬಿಸಿನೀರಿಗೆ ಅದ್ದಿ ನೋಡ್ದೆ ಕಳ್ಸೋನಲ್ಲ ನಾನು. ನಿಮ್ದನ್ನೂ ಅದ್ದಿದೆ. ಅಯ್ಯೋ, ಸಾರ್ ಮಾನ ಹೋಯ್ತಲ್ಲಪ್ಪಾ ಅನ್ನಿಸ್ತು. ನಮ್ಮ ಹಳೇ ಕೆಮಿಕಲ್ ಅಂಟು ಬಳಿದು ಮತ್ತೆ ಒತ್ತಿಟ್ಟೆ.”

“ಅಂದ್ರೆ... ಬಿಟ್ಟಿತ್ತಾ?”

“ಬಾಳೆಹಣ್ಣು ಸುಲಿದ ಹಾಗೆ ಬಂತು ಸಾರ್! ಮೂರೂ ಪದರ!”

ಹಿಟ್ಟಿನ ಸಾರ್‌ಗೆ ಕುಣಿಯುವಷ್ಟು ಸಂತೋಷವಾಯಿತು. ಒಂಬತ್ತು ವರ್ಷದ ಕೆಲಸ ಗೆದ್ದಿತ್ತು! ಕಣ್ಣಾರೆ ಕಂಡವರು ಈ ಪುಣ್ಯಾತ್ಮರೊಬ್ಬರೇ. ಅವರನ್ನು ತಬ್ಬಿಕೊಳ್ಳಬೇಕೋ, ಅದೇ ಪಾತ್ರೆಗೆ ಅದ್ದಬೇಕೋ ತಿಳಿಯದೆ, ಕೈ ಹಿಡಿದು ಒಳಗೆ ಎಳೆದುಕೊಂಡು ಹೋದರು.

“ಧಣಿ, ನನ್ನ ಅಂಟು ನಿನ್ನೆಯೇ ಬಿಟ್ಟಿದೆ! ಇದು ಮೇಸ್ತ್ರಿ ಮತ್ತೆ ಅಂಟಿಸಿದ್ದು. ಬೇಕಾದ್ರೆ ಅವರನ್ನೇ ಕೇಳಿ!”

ಧಣಿ ತಿರುಗಿದರು. “ಏನ್ ಮೇಸ್ತ್ರಿ? ನಿಮ್ಮ ಪ್ರೆಸ್ಸಿನ ಹಲಗೆ ಬಿಟ್ಕೊಂಡಿತ್ತಾ?”

ಮೇಸ್ತ್ರಿ ಒಮ್ಮೆ ಧಣಿಯನ್ನು, ಒಮ್ಮೆ ಹೊರಗಿನವರಾದ ಗಿರಾಕಿಯನ್ನು ನೋಡಿದರು. ಮೂವತ್ತು ವರ್ಷದ ಸರ್ವೀಸಿನಲ್ಲಿ ಅಂಥ ಮಾತನ್ನು ಅವರು ಗಿರಾಕಿಗಳ ಎದುರು ಒಪ್ಪಿಕೊಂಡವರೇ ಅಲ್ಲ.

“ಛೆ ಛೆ, ಎಲ್ಲಾದ್ರೂ ಉಂಟಾ ಧಣಿ? ಸಾರ್ ಅಂಟು ಅಂದ್ರೆ ಕಬ್ಬಿಣ! ನಾನು ಕೈಯೂ ಹಚ್ಚಿಲ್ಲ.”

ಗಿರಾಕಿ ಎದ್ದು ಹೊರಟರು. “ಒಂಬತ್ತು ವರ್ಷ ಸಾಲ್ದು ಅಂತ ಸುಳ್ಳು ಬೇರೆ” ಎಂದ ಧಣಿ, ಲ್ಯಾಬಿನ ಬೀಗದ ಕೈಗೆಂದು ಕೈ ಚಾಚಿದರು. ಹಿಟ್ಟಿನ ಸಾರ್ ಜೇಬಿನಿಂದ ತೆಗೆದು ಕೊಟ್ಟರು.

ಧಣಿ ಅತ್ತ ಹೋದ ಮೇಲೆ ಮೇಸ್ತ್ರಿ ಹತ್ತಿರ ಬಂದು, ಅವರ ಹೆಗಲ ಮೇಲೆ ಅಕ್ಕರೆಯಿಂದ ಕೈಯಿಟ್ಟರು.

“ಹೆದರ್ಕೋಬೇಡಿ ಸಾರ್. ಅದು ಬಿಟ್ಟಿದ್ದನ್ನ ಸಾಯೋವರೆಗೂ ಯಾರಿಗೂ ಹೇಳಲ್ಲ.”