‘ಮಸ್ಟ್’ ಅವರು ನನ್ನ ಸೊಸೆಯ ಮುಂದೆ ನಡೆದುಕೊಂಡ ರೀತಿಯ ಕುರಿತು

ಇಂಗ್ಲಿಷ್ ವ್ಯಾಕರಣದ ದೊಡ್ಡಮನೆಯಲ್ಲಿ ಸಹಾಯಕ ಕ್ರಿಯಾಪದವೆಂಬ ಹುದ್ದೆಯನ್ನು ಅಲಂಕರಿಸಿರುವ ಶ್ರೀಮಾನ್ ಮಸ್ಟ್ ಅವರಿಗೂ, ಅವರ ಒಡಹುಟ್ಟಿದವರಾದ ಕ್ಯಾನ್, ಕುಡ್, ಮೇ, ಮೈಟ್, ವುಡ್ ಮುಂತಾದವರಿಗೂ, ಕೆಟ್ಟ ಜಿಪ್ಪು ಬದಲಾಯಿಸಿ, ಉದ್ದದ ಪ್ಯಾಂಟು ಗಿಡ್ಡ ಮಾಡಿ ಹೊಟ್ಟೆ ಹೊರೆಯುವ ಅತ್ತೆಯೊಬ್ಬಳ ಸವಿನಯ ನಮಸ್ಕಾರಗಳು.

ಮಾನ್ಯರೇ,

ತಾವೆಲ್ಲ ಕ್ಷೇಮವಾಗಿಯೇ ಇರುತ್ತೀರಿ. ತಮ್ಮಂಥವರಿಗೆ ಏನಾಗುತ್ತದೆ, ಆಗುವುದೆಲ್ಲ ತಮ್ಮನ್ನು ನಂಬಿ ಬಾಯಿಗೆ ಹಾಕಿಕೊಂಡವರಿಗೆ. ತಮ್ಮ ಹುದ್ದೆಯ ಹೆಸರಿನಲ್ಲಿಯೇ ‘ಸಹಾಯಕ’ ಎಂದಿರುವುದರಿಂದ, ತಾವು ನನ್ನ ಮನೆಗೆ ಮಾಡಿದ ಸಹಾಯವನ್ನು ನಾಲ್ಕು ಜನರ ಮುಂದೆ ಹೇಳದಿದ್ದರೆ ಕೃತಘ್ನಳಾದೇನು.

ನನ್ನ ಮಗ ದೂರದೂರಿಗೆ ಬಸ್ಸು ಓಡಿಸುವವನು. ಒಂದು ದಿನ ಸೀಟಿನ ಕೆಳಗೆ ಸಿಕ್ಕ ಡಬ್ಬಿಯನ್ನು ತೆರೆದಾಗ ಅದರೊಳಗಿಂದ ಹಲ್ಲಿನ ಸೆಟ್ಟೊಂದು ಅವನನ್ನು ನೋಡಿ ನಕ್ಕಿತಂತೆ. ಅದನ್ನು ಹಿಂತಿರುಗಿಸಲು ಹೋದವನು ಅದನ್ನು ಮಾಡಿದವಳನ್ನೇ ಮದುವೆಯಾಗಿ ಬಂದ. ಸೊಸೆ ಚಿನ್ನದಂಥವಳು, ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತಾಡುವವಳು. ಆದರೆ ಅವಳ ಭಾಷೆ ನನಗೆ ಬಾರದು, ನನ್ನದು ಅವಳಿಗೆ ಬಾರದು, ಎರಡೂ ಬರುವವನು ಸದಾ ಸ್ಟೀರಿಂಗಿನ ಹಿಂದೆ. ಹೀಗಾಗಿ ನಮ್ಮಿಬ್ಬರಿಗೆ ಇಂಗ್ಲಿಷೇ ಗತಿಯಾಯಿತು. ಅವಳು ಅದನ್ನು ಓದಿ ಕಲಿತವಳು, ನಾನು ನನ್ನ ಗಿರಾಕಿಯೂ ಆದ ಟ್ಯೂಷನ್ ಮೇಡಂ ಬಳಿ ಹೊಸದಾಗಿ ಕಲಿಯಹೊರಟವಳು. ಮೇಡಂ ಮೊದಲ ದಿನವೇ ತಮ್ಮ ಕುಟುಂಬದ ಪರಿಚಯ ಮಾಡಿಕೊಟ್ಟರು: ಮೇ ಎಂದರೆ ಬಹುದು, ಕ್ಯಾನ್ ಎಂದರೆ ಆಗುತ್ತದೆ, ಮಸ್ಟ್ ಎಂದರೆ ಬೇಕು.

ಮಸ್ಟ್ ಅವರೇ, ಅಂದೇ ತಮ್ಮನ್ನು ನಾನು ಮನೆಮಗನಂತೆ ಒಪ್ಪಿಕೊಂಡೆ. ಊಟ ಮಾಡಬೇಕು, ಬೆಚ್ಚಗೆ ಹೊದ್ದುಕೊಳ್ಳಬೇಕು, ಹೊತ್ತಿಗೆ ಸರಿಯಾಗಿ ಮಲಗಬೇಕು ಎಂದು ನಮ್ಮಲ್ಲಿ ತಾಯಂದಿರ ಅರ್ಧ ಪ್ರೀತಿ ಈ ‘ಬೇಕು’ವಿನ ಬಾಲ ಹಿಡಿದೇ ಓಡಾಡುತ್ತದೆ. ಆದ್ದರಿಂದ ಸೊಸೆ ಮನೆಗೆ ಬಂದೊಡನೆ ‘ಯೂ ಮಸ್ಟ್ ಈಟ್’ ಎನ್ನುತ್ತಿದ್ದೆ, ಉಂಡ ಮೇಲೆ ‘ಯೂ ಮಸ್ಟ್ ಸ್ಲೀಪ್’ ಎನ್ನುತ್ತಿದ್ದೆ, ಕೊಡೆ ಮರೆತರೆ ಹಿಂದೆ ಓಡಿ ‘ಯೂ ಮಸ್ಟ್ ಟೇಕ್’ ಎನ್ನುತ್ತಿದ್ದೆ. ಅವಳು ಉಣ್ಣುತ್ತಿದ್ದಳು, ಮಲಗುತ್ತಿದ್ದಳು, ಕೊಡೆಯನ್ನೂ ಒಯ್ಯುತ್ತಿದ್ದಳು. ಆದರೆ ದಿನದಿಂದ ದಿನಕ್ಕೆ ಜೈಲಿನಲ್ಲಿರುವವರ ಹಾಗೆ ತಲೆ ತಗ್ಗಿಸಿ ಓಡಾಡತೊಡಗಿದಳು. ಕೆಲಸದ ಆಯಾಸವೆಂದು ಭಾವಿಸಿ ನಾನು ತಮ್ಮ ಪ್ರಮಾಣವನ್ನು ಇನ್ನಷ್ಟು ಹೆಚ್ಚಿಸಿದೆ.

ತಮ್ಮ ಒಡಹುಟ್ಟಿದವರ ಸೇವೆಯನ್ನೂ ಮರೆಯುವಂತಿಲ್ಲ. ‘ಯೂ ಮೈಟ್ ವಾಂಟ್ ಟು ಲೋವರ್ ದಿ ಟಿವಿ’ ಎಂದು ಅವಳು ಹೇಳಿದಾಗ, ಟಿವಿ ಸದ್ದು ಕಡಿಮೆ ಮಾಡುವ ಆಸೆ ನನಗಿರಬಹುದೆಂದು ಪಾಪ ಊಹಿಸುತ್ತಿದ್ದಾಳೆಂದುಕೊಂಡೆ. ಸ್ವಲ್ಪ ಹೊತ್ತು ಕೂತು ನನ್ನ ಆಸೆಗಳನ್ನೆಲ್ಲ ಪರಿಶೀಲಿಸಿ, ಅಂಥದ್ದೇನೂ ಇಲ್ಲವೆಂದು ತಿಳಿಸಿ, ಕೇಳಿದ್ದಕ್ಕೆ ಥ್ಯಾಂಕ್ಸ್ ಹೇಳಿದೆ. ‘ಕುಡ್ ಯೂ ಕ್ಲೋಸ್ ದಿ ಡೋರ್’ ಎಂದಾಗ, ಈ ವಯಸ್ಸಿನಲ್ಲೂ ಬಾಗಿಲು ಹಾಕುವ ಶಕ್ತಿ ನನಗಿದೆಯೆಂದು ಹೆಮ್ಮೆಯಿಂದ ಹೇಳಿ, ಬಾಗಿಲು ತೆರೆದೇ ಬಿಟ್ಟು ಕೂತೆ. ಅವಳ ಕೋಣೆಯ ಗೋಡೆಗೆ ತಾಗಿದ್ದ ನನ್ನ ಹೊಲಿಗೆ ಮಷೀನನ್ನು ಸರಿಸಲು ‘ವುಡ್ ಯೂ ಮೈಂಡ್’ ಎಂದು ಕೇಳಿದಾಗ ‘ಯೆಸ್, ಯೆಸ್’ ಎಂದೆ. ತಮ್ಮ ಮನೆಯ ಕಟ್ಟಳೆಯಲ್ಲಿ ಹಾಗೆಂದರೆ ‘ಸುತರಾಂ ಆಗದು’ ಎಂದಂತೆ. ಅವಳ ಮುಖ ಸಪ್ಪಗಾದದ್ದನ್ನು ಕಂಡು ನಾನು ಕೂಡಲೇ ಮಷೀನನ್ನು ದರದರನೆ ಎಳೆದು ಎದುರು ಗೋಡೆಗೆ ಹಾಕಿದೆ. ಅತ್ತೆಗೆ ಸಿಟ್ಟು ಬಂದಿದೆಯೆಂದು ಅವಳು ಅಂದು ಕೋಣೆಯಿಂದ ಹೊರಗೇ ಬರಲಿಲ್ಲ.

ಇಷ್ಟರ ನಡುವೆ ಒಂದು ಬೆಳಗ್ಗೆ ಮೈ ಕೆಂಡದಂತೆ ಸುಡುತ್ತಿದ್ದರೂ ಅವಳು ಕೆಲಸಕ್ಕೆ ಹೊರಟಳು. ಜ್ವರದಲ್ಲಿ ಹೋಗಬೇಡ ಕಂದ ಎಂದು ನನ್ನ ಎದೆಯಿಂದ ಹೊರಟ ಮಾತು, ತಮ್ಮ ಕೈಗೆ ಸಿಕ್ಕಿ ‘ಯೂ ಮಸ್ಟ್ ನಾಟ್ ಗೋ’ ಎಂಬ ಪೊಲೀಸು ಹುಕುಂ ಆಗಿ ಹೊರಬಿತ್ತು. ಸೊಸೆ ಕೆಲಸಕ್ಕೆ ಹೋಗುವುದೇ ಈ ಮುದುಕಿಗೆ ಸೇರದು ಎಂದು ಅವಳು ತೀರ್ಮಾನಿಸಿದಳು. ಗಂಡನಿಗೂ ಚಾಡಿ ಹೇಳದ ಹುಡುಗಿ; ಹಲ್ಲು ಮಾಡುವವಳು ಹಲ್ಲು ಕಚ್ಚಿಕೊಂಡೇ ಒಂದು ವಾರ ಕಳೆದಳು.

ಆಮೇಲೊಂದು ಸಂಜೆ ಊಟದ ನಡುವೆ ಅವಳು ತಟ್ಟೆ ನೋಡುತ್ತ, ಸ್ವಲ್ಪ ದಿನ ತಾನು ಬೇರೆಲ್ಲಾದರೂ ಇರಲು ಸಾಧ್ಯವಾದರೆ ಒಳ್ಳೆಯದಾಗಬಹುದೇನೋ ಎಂಬರ್ಥದ ಇಂಗ್ಲಿಷ್ ವಾಕ್ಯವೊಂದನ್ನು ಹೇಳಿದಳು. ಅದರಲ್ಲಿ ಮೈಟ್ ಇದ್ದರು, ಕುಡ್ ಇದ್ದರು. ಇಷ್ಟೊಂದು ‘ಬಹುದು’ಗಳ ನಡುವೆ ಸಿಕ್ಕಿಕೊಂಡ ಮಾತು ಈ ಜನ್ಮದಲ್ಲಿ ನಡೆಯುವುದಲ್ಲ ಎಂದುಕೊಂಡೆ, ನಮ್ಮಲ್ಲಿ ‘ಬಂದರೂ ಬರಬಹುದು’ ಎನ್ನುವ ನೆಂಟ ಎಂದಾದರೂ ಬಂದದ್ದುಂಟೇ? ‘ಮೇ ಬಿ, ಮೇ ಬಿ’ ಎಂದು ನಕ್ಕು ಅವಳಿಗೆ ಇನ್ನೊಂದು ಸೌಟು ಬಡಿಸಿದೆ. ತಮ್ಮ ಮನೆಯಲ್ಲಿ ಎಲ್ಲ ನಿರ್ಧಾರವಾದ ಮೇಲೆಯೇ ಮೈಟ್ ಅವರನ್ನು ಕರೆಸುತ್ತಾರೆಂದು ನನಗೆ ಹೇಳಿದವರು ಯಾರು?

ಮರುದಿನ ಬೆಳಗ್ಗೆ ಅವಳ ಸೂಟ್‌ಕೇಸು ಬಾಗಿಲಲ್ಲಿ ನಿಂತಿತ್ತು. ನನ್ನ ತೊಡೆಯ ಮೇಲೆ ಯಾರದೋ ಪ್ಯಾಂಟು, ತುಟಿಗಳ ನಡುವೆ ಗುಂಡುಪಿನ್ನುಗಳು. ಅವಳು ಚಪ್ಪಲಿ ಮೆಟ್ಟುವಷ್ಟರಲ್ಲಿ ನಾನು ಪಿನ್ನುಗಳನ್ನು ಒಂದೊಂದಾಗಿ ತೆಗೆದು, ‘ನೀನು ನನಗೆ ಬೇಕು’ ಎಂಬ ಮಾತಿಗೆ ಇಂಗ್ಲಿಷ್ ಹುಡುಕಿದೆ. ಬೇಕು ಎಂದರೆ ಏನೆಂಬುದನ್ನು ಮೇಡಂ ಹೇಳಿಕೊಟ್ಟಿದ್ದರಲ್ಲ.

‘ಐ ಮಸ್ಟ್ ಯೂ’ ಎಂದೆ.

ಅವಳು ನಿಂತಳು. ತಮ್ಮ ಬೆನ್ನಿಗೆ ಸದಾ ಒಂದು ಅಪ್ಪಣೆ ಇದ್ದೇ ಇರುತ್ತದಾದ್ದರಿಂದ, ‘ಮಸ್ಟ್ ವಾಟ್?’ ಎಂದು ಸುಸ್ತಾದ ದನಿಯಲ್ಲಿ ಕೇಳಿದಳು.

‘ನೋ ವಾಟ್,’ ಎಂದೆ. ‘ಓನ್ಲಿ ಯೂ.’

ಅವಳು ಗಂಡನಿಗೆ ಫೋನು ಹಚ್ಚಿ, ನಾನು ಹೇಳಿದ್ದನ್ನು ಹಾಗೆಯೇ ಒಪ್ಪಿಸಿ, ಸ್ಪೀಕರ್ ಹಾಕಿದಳು. ಡಿಪೋದಲ್ಲಿ ಚಹಾ ಕುಡಿಯುತ್ತಿದ್ದ ಮಗ ಲೋಟ ಕೆಳಗಿಟ್ಟ ಸದ್ದು ಕೇಳಿಸಿತು. ಆಮೇಲೆ, ‘ಅಮ್ಮ, ಇಷ್ಟು ದಿನ ಬೇಕು ಅನ್ನೋ ಕಡೆಯೆಲ್ಲ ಮಸ್ಟ್ ಅಂತಿದ್ಯಾ?’ ಎಂದ. ಮತ್ತೇನನ್ನಬೇಕಿತ್ತು ಎಂದೆ. ನಮ್ಮ ಭಾಷೆಯಲ್ಲಿ ಅಪ್ಪಣೆಗೂ ಆಸೆಗೂ, ಅಕ್ಕರೆಗೂ ಒಂದೇ ಪದವೆಂದು ಅವನು ಅವಳಿಗೆ ವಿವರಿಸಿದ. ಅವಳು ಸೂಟ್‌ಕೇಸಿನ ಮೇಲೆ ಕುಸಿದು ಕೂತು, ಊಟದ ಮಸ್ಟ್, ನಿದ್ದೆಯ ಮಸ್ಟ್, ಜ್ವರದ ದಿನದ ಮಸ್ಟ್ ಎಂದು ಒಂದೊಂದಾಗಿ ನೆನೆದು, ಅದೂ ಅಕ್ಕರೆಯೇ ಎಂದು ಕೇಳಿದಳು. ಎಲ್ಲದಕ್ಕೂ ನಾನು ತಲೆಯಾಡಿಸಿದೆ. ಅಳುತ್ತಲೇ ಅವಳೂ ತನ್ನ ಲೆಕ್ಕ ಒಪ್ಪಿಸಿದಳು. ಟಿವಿಯ ಮೈಟ್ ಊಹೆಯಲ್ಲ, ಗದರಿಕೆಯಂತೆ; ಬಾಗಿಲಿನ ಕುಡ್ ಪ್ರಶ್ನೆಯಲ್ಲ, ಅಪ್ಪಣೆಯಂತೆ. ನಾನು ಪ್ರೀತಿ ಮಾಡಿದಾಗಲೆಲ್ಲ ಅವಳು ಬೈಸಿಕೊಂಡಿದ್ದಾಳೆ, ಅವಳು ಬೈದಾಗಲೆಲ್ಲ ನಾನು ಥ್ಯಾಂಕ್ಸ್ ಹೇಳಿದ್ದೇನೆ. ಮಾನ್ಯರೇ, ಇಂಥ ಅಪರೂಪದ ಸಂಸಾರವನ್ನು ನಡೆಸಿಕೊಟ್ಟ ತಮಗೆ ಯಾವ ಸನ್ಮಾನ ಮಾಡಿದರೂ ಕಡಿಮೆಯೇ.

ಅಂದು ಅವಳು ಕೆಲಸಕ್ಕೆ ತಡವಾಗಿ ಹೋದಳು. ಸೂಟ್‌ಕೇಸನ್ನು ನಾನು ಮುಟ್ಟಲಿಲ್ಲ; ಸಂಜೆ ಬಂದು ಅವಳೇ ಒಳಗಿಟ್ಟಳು.

ಆದಕಾರಣ ನನ್ನ ಅಲ್ಪ ಬೇಡಿಕೆಗಳನ್ನು ಪರಿಗಣಿಸಿರಿ. ಮಸ್ಟ್ ಅವರು ಇನ್ನು ಮುಂದೆ ಔಷಧಿ ಬಾಟಲಿ, ಕರೆಂಟು ಕಂಬಗಳಂಥ ಕಡೆ ಮಾತ್ರ ವಾಸವಾಗಿದ್ದು, ಸೊಸೆಯಂದಿರಿರುವ ಮನೆಗೆ ಬರುವಾಗ ಕೊರಳಿಗೆ ಗಂಟೆ ಕಟ್ಟಿಕೊಳ್ಳತಕ್ಕದ್ದು. ಮೈಟ್ ಅವರು ತಾವು ಇರುವವರೋ ಹೋಗುವವರೋ ಎಂಬುದನ್ನು ಹಿಂದಿನ ದಿನವೇ ಇಬ್ಬರು ಸಾಕ್ಷಿಗಳ ಮುಂದೆ ತಿಳಿಸತಕ್ಕದ್ದು. ವುಡ್ ಅವರು ಯೆಸ್‌ಗೂ ನೋಗೂ ತಂದಿಟ್ಟ ಜಗಳವನ್ನು ತಾವೇ ಕೂತು ಬಗೆಹರಿಸತಕ್ಕದ್ದು. ಇದಾವುದೂ ಆಗದಿದ್ದರೆ ನಮ್ಮ ‘ಬೇಕು’ವನ್ನು ಕಡ ಒಯ್ಯಿರಿ, ಹಳೆಯದಾದರೂ ಹೊಲಿಗೆ ಗಟ್ಟಿಯಾಗಿದೆ, ಯಾವ ಮೈಗೂ ಹಿಡಿಸುತ್ತದೆ.

ಅಳಿದುಳಿದ ನಂಬಿಕೆಯೊಂದಿಗೆ,

ತಮ್ಮ ವಿಶ್ವಾಸಿ,
ಹಲ್ಲಿನವಳ ಅತ್ತೆ

ತಾ.ಕ.: ಸೊಸೆ ಈಗ ಕನ್ನಡ ಕಲಿಯುತ್ತಿದ್ದಾಳೆ. ನಿನ್ನೆ ಮಗನಿಗೂ ಅವಳಿಗೂ ಏನೋ ಮಾತು ನಡೆದಿತ್ತು, ನಾನು ನಡುವೆ ಬಾಯಿ ಹಾಕಿದೆ. ಅವಳು ಮುಗುಳ್ನಕ್ಕು, ‘ಅತ್ತೆ, ನೀವು ಸುಮ್ಮನಿರಬಹುದು’ ಎಂದಳು. ಇದು ಅನುಮತಿಯೋ, ಊಹೆಯೋ, ಬೇರೆ ಇನ್ನೇನಾದರೂ ಇದೆಯೋ ಎಂದು ಕೇಳೋಣವೆಂದರೆ ಮಗ ಆಗಲೇ ಬಸ್ಸು ಹತ್ತಿಬಿಟ್ಟಿದ್ದ. ಅವಳಿಗೆ ಪಾಠ ಹೇಳುತ್ತಿರುವುದೂ ಅದೇ ಟ್ಯೂಷನ್ ಮೇಡಂ.