ಕ್ಯಾಪ್ಟನ್ ಥಾಮಸರ ಊರು ಹುಡುಕಿದ್ದು

ಪೂರ್ವಜರನ್ನು ಹುಡುಕುವುದು ಒಂದು ದೊಡ್ಡ ವಿದ್ಯೆ ಎಂದು ಅಮೆರಿಕದವರು ತಿಳಿದುಕೊಂಡಿದ್ದಾರೆ. ಅದಕ್ಕೆಂದೇ ಸಂಘಗಳಿವೆ, ತರಗತಿಗಳಿವೆ, ದಪ್ಪ ದಪ್ಪ ಕೈಪಿಡಿಗಳಿವೆ. ಇದನ್ನೆಲ್ಲ ಕಂಡಾಗ ನನಗೆ ಒಳಗೊಳಗೇ ನಗು ಬರುತ್ತಿತ್ತು. ವರ್ಷಕ್ಕೊಮ್ಮೆ ದರ್ಭೆ ಹಿಡಿದು ಕುಳಿತು ಅಪ್ಪ, ತಾತ, ಮುತ್ತಾತನ ಹೆಸರನ್ನು ಗೋತ್ರಸಮೇತ ಒಂದೇ ಉಸಿರಿಗೆ ಹೇಳುವ ಜನ ನಾವು. ನಮಗೆ ಕೈಪಿಡಿ ಯಾಕೆ?

ಈ ಮಾತನ್ನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದರೆ ಕ್ಷೇಮವಾಗಿರುತ್ತಿತ್ತು. ಎಂಬತ್ತರ ದಶಕದ ಒಂದು ಭಾನುವಾರ, ಲಾಸ್ ಗ್ಯಾಟೋಸಿನ ನಮ್ಮ ಮನೆಯ ಬೇಲಿಯ ಬಳಿ ನಿಂತು, ಪಕ್ಕದ ಮನೆಯ ಮಿಸೆಸ್ ಹಾರ್ಪರ್ ಎದುರಿಗೆ ಹೇಳಿಬಿಟ್ಟೆ.

ಮಿಸೆಸ್ ಹಾರ್ಪರ್ ನಿವೃತ್ತ ಶಾಲಾ ಶಿಕ್ಷಕಿ. ಎಪ್ಪತ್ತೆಂಟು ವರ್ಷ. ಅವರ ತಾಯಿಯ ತಂದೆ ಇಂಗ್ಲೆಂಡಿನ ಮೂಲೆಯಲ್ಲಿರುವ ಕಾರ್ನ್‌ವಾಲಿನಿಂದ ಬಂದು, ನಮ್ಮೂರಿನ ಬೆಟ್ಟಗಳ ಆಚೆ ಇದ್ದ ಪಾದರಸದ ಗಣಿಯಲ್ಲಿ ದುಡಿದವರು. ಗಣಿಯ ಮೇಸ್ತ್ರಿಗಳನ್ನು ಕ್ಯಾಪ್ಟನ್ ಎನ್ನುತ್ತಿದ್ದರಂತೆ. ಹಾಗಾಗಿ ಎಲ್ಲರ ಬಾಯಲ್ಲೂ ಅವರು ಕ್ಯಾಪ್ಟನ್ ಥಾಮಸ್. ಮೊಮ್ಮಗಳು ಹುಟ್ಟುವ ಮೊದಲೇ ತೀರಿಕೊಂಡಿದ್ದರು. ಅವರದೆಂದು ಉಳಿದದ್ದು ಒಂದು ತಗಡಿನ ಪೆಟ್ಟಿಗೆ ಮಾತ್ರ. ಅದರ ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ‘ಪಿ. ಜೆ. ಥಾಮಸ್’ ಎಂದು ಬರೆದಿತ್ತು.

“ಜೂನ್ ತಿಂಗಳಲ್ಲಿ ಕಾರ್ನ್‌ವಾಲಿಗೆ ಹೋಗ್ತಿದೀನಿ” ಎಂದರು ಮಿಸೆಸ್ ಹಾರ್ಪರ್. “ನನ್ನ ಹೃದಯ ನೋಡಿ ಡಾಕ್ಟರು ಇದೊಂದೇ ಪ್ರಯಾಣಕ್ಕೆ ಒಪ್ಪಿದಾರೆ. ತಾತನಿಗೆ ಹೆಸರಿಟ್ಟ ಚರ್ಚಿನಲ್ಲಿ ಒಂದು ಗಳಿಗೆ ಕೂತು ಬರಬೇಕು. ನಮ್ಮಮ್ಮನಿಗೆ ಕೊನೇವರೆಗೂ ಅದೇ ಆಸೆ ಇತ್ತು. ಆದರೆ ಅದು ಯಾವ ಊರು ಅನ್ನೋದೇ ಯಾರಿಗೂ ಗೊತ್ತಿಲ್ಲ.”

“ಊರು ತಾನೇ? ನಾನು ಹುಡುಕಿಕೊಡ್ತೀನಿ” ಎಂದೆ. ಎಷ್ಟು ಸುಲಭವಾಗಿ ಎಂದರೆ, ಸಕ್ಕರೆ ಸಾಲ ಕೊಡುವಷ್ಟು ಸುಲಭವಾಗಿ.

ಯಾಕೆಂದರೆ ಆ ಪೆಟ್ಟಿಗೆ ನೋಡಿದ ಕೂಡಲೇ ನನಗೆ ಎಲ್ಲ ಹೊಳೆದುಹೋಗಿತ್ತು. ನಾನು ಎಚ್. ಎನ್. ಶ್ರೀಪತಿ. ಎಚ್ ಎಂದರೆ ನಮ್ಮೂರು ಹೊಸಹೊಳಲು, ಎನ್ ಎಂದರೆ ನಮ್ಮ ತಂದೆ ನಾರಾಯಣಯ್ಯ. ಬೆಂಗಳೂರಿನ ಕಾರ್ಖಾನೆಯಲ್ಲಿ ನನ್ನ ಜೊತೆ ಕೇರಳದ ಪಿ. ಜೆ. ಥಾಮಸ್ ಎಂಬುವರೇ ಇದ್ದರು. ಪಿ ಎಂದರೆ ಅವರ ಊರು ಪಾಲಾ, ಜೆ ಎಂದರೆ ಅಪ್ಪ ಜೋಸೆಫ್. ಇನ್ನೇನು ಬೇಕು? ಕ್ಯಾಪ್ಟನ್ ಥಾಮಸರ ಊರು ‘ಪಿ’ ಅಕ್ಷರದ್ದು, ಅಪ್ಪನ ಹೆಸರು ‘ಜೆ’ ಅಕ್ಷರದ್ದು. ಅಜ್ಜ ವಿಳಾಸವನ್ನು ಪೆಟ್ಟಿಗೆಯ ಮೇಲೇ ಬರೆದಿಟ್ಟು ಹೋಗಿದ್ದಾರೆ, ಓದುವವರು ಇಷ್ಟು ದಿನ ಬಂದಿರಲಿಲ್ಲ ಅಷ್ಟೆ.

ಓಕ್‌ಲ್ಯಾಂಡಿನಲ್ಲಿ ಒಂದು ಗ್ರಂಥಾಲಯವಿತ್ತು. ಇಂಗ್ಲೆಂಡಿನ ಚರ್ಚುಗಳ ಹಳೆಯ ದಾಖಲೆಗಳನ್ನೆಲ್ಲ ಮೈಕ್ರೋಫಿಲಂ ಸುರುಳಿಗಳಲ್ಲಿ ಇಟ್ಟಿದ್ದರು. ಅಲ್ಲಿದ್ದ ಮಹಿಳೆ, “ಹುಡುಕಬೇಕಾದವರ ಮನೆತನದ ಹೆಸರು ಏನು?” ಎಂದು ಕೇಳಿದರು.

“ಅದು ಗೊತ್ತಿಲ್ಲ. ಆದರೆ ಊರಿನ ಮೊದಲ ಅಕ್ಷರ ಗೊತ್ತಿದೆ” ಎಂದೆ.

ಆಕೆ ನನ್ನನ್ನು ಎರಡು ಸಲ ನೋಡಿ, ಸುರುಳಿಗಳ ಬೀರು ಎಲ್ಲಿದೆ ಎಂದು ತೋರಿಸಿ ಹೊರಟುಹೋದರು. ಆಕೆಗೆ ನಮ್ಮ ಪದ್ಧತಿ ತಿಳಿಯದು ಪಾಪ, ಎಂದುಕೊಂಡೆ.

ಕಾರ್ನ್‌ವಾಲಿನಲ್ಲಿ ‘ಪಿ’ ಇಂದ ಶುರುವಾಗುವ ಊರುಗಳು, ನಮ್ಮಲ್ಲಿ ‘ಹಳ್ಳಿ’ ಎಂದು ಮುಗಿಯುವ ಊರುಗಳಷ್ಟಿವೆ ಎಂಬುದು ಮೊದಲ ಶನಿವಾರ ತಿಳಿಯಿತು. ಪಾದ್ರಿಗಳ ಕೈಬರಹಕ್ಕೂ ವೈದ್ಯರ ಚೀಟಿಗೂ ವ್ಯತ್ಯಾಸವಿಲ್ಲವೆಂದು ಎರಡನೆಯ ಶನಿವಾರ ತಿಳಿಯಿತು. ಮೂರನೆಯ ಶನಿವಾರ ಬೆಳಗಿನಿಂದ ಸಂಜೆಯವರೆಗೆ ಓದಿದ ಸುರುಳಿ ಕಾರ್ನ್‌ವಾಲಿನದೇ ಅಲ್ಲ! ಯಂತ್ರದ ಹಿಡಿ ತಿರುಗಿಸಿದರೆ ಪುಟಗಳು ಸರ್ರನೆ ಓಡುತ್ತವೆ. ಅದನ್ನೇ ನೋಡಿ ನೋಡಿ, ಆಗುಂಬೆ ಘಾಟಿ ಇಳಿಯುವ ಬಸ್ಸಿನಲ್ಲಿ ಬಾರದ ವಾಂತಿ ಓಕ್‌ಲ್ಯಾಂಡಿನ ಮರದ ಕುರ್ಚಿಯ ಮೇಲೆ ಬಂತು.

ಮನೆಯಲ್ಲಿ ನನ್ನ ಹೆಂಡತಿ ವಿಮಲಾ ಕಾದು ಕುಳಿತಿರುತ್ತಿದ್ದಳು.

“ಶನಿವಾರ ಗ್ರೋಸರಿಗೆ ಬರಲ್ಲ, ಮಗಳನ್ನ ಸ್ವಿಮ್ಮಿಂಗ್ ಕ್ಲಾಸಿಗೆ ಬಿಡಲ್ಲ. ಕಂಡೋರ ತಾತನ್ನ ಹುಡುಕೋಕೆ ಫ್ರೀವೇಲಿ ಐವತ್ತು ಮೈಲಿ ಹೋಗ್ತೀರ. ನಿಮ್ಮ ಸೋದರತ್ತೆ ಬದುಕೇ ಇದಾರಲ್ಲ, ಅವರಿಗೊಂದು ಕಾಗದ ಬರೆದು ಎಷ್ಟು ತಿಂಗಳಾಯ್ತು ರೀ?”

ಮುಂದಿನ ಶನಿವಾರ ಅರ್ಧ ಗಂಟೆ ಮುಂಚೆಯೇ ಮನೆ ಬಿಟ್ಟೆ.

ಏಳನೆಯ ಶನಿವಾರ ಹತ್ತಿರಕ್ಕೆ ಬಂದೆ. ಜಾನ್ ಎಂಬುವರಿಗೆ ಹುಟ್ಟಿದ ಥಾಮಸ್ ಎಂಬ ಗಂಡು ಶಿಶುಗಳು, ಮೂರು ‘ಪಿ’ ಊರುಗಳಲ್ಲಿ, ಒಟ್ಟು ಹನ್ನೊಂದು! ಯಾರನ್ನು ಆರಿಸುವುದು? ಮತ್ತೆ ನಮ್ಮ ಪದ್ಧತಿಯೇ ಕೈಹಿಡಿಯಿತು. ಹಿರಿಮೊಮ್ಮಗನಿಗೆ ತಾತನ ಹೆಸರಿಡುವುದು ಲೋಕರೂಢಿ ತಾನೇ? ಹನ್ನೊಂದು ಜನರಲ್ಲಿ ಒಬ್ಬನ ತಾತನೂ ಥಾಮಸ್. ಅವನೇ ಪೆನ್‌ಸಾಲೋ ಎಂಬ ಊರಿನ ಜಾನ್ ರಾಡ್ಡಾನ ಮಗ ಥಾಮಸ್ ರಾಡ್ಡಾ.

ಆಫೀಸಿನ ಪ್ರಿಂಟರಿನಲ್ಲಿ ವಂಶವೃಕ್ಷವನ್ನು ಅಚ್ಚು ಮಾಡಿದೆ. ಆ ಕಾಲದ ಪ್ರಿಂಟರು ಕಿರ್ರೋ ಎಂದು ಅಳುತ್ತಾ, ಪಕ್ಕದಲ್ಲಿ ತೂತುಗಳಿದ್ದ ಕಾಗದವನ್ನು ಏಳು ಅಡಿ ಉದ್ದಕ್ಕೆ ಹೊರಗೆ ತಳ್ಳಿತು. ಮಿಸೆಸ್ ಹಾರ್ಪರ್ ಅದನ್ನು ನಡುಮನೆಯ ಈ ತುದಿಯಿಂದ ಆ ತುದಿಯವರೆಗೆ ಹಾಸಿ, ಮಂಡಿಯೂರಿ ಓದಿದರು.

“ರಾಡ್ಡಾ? ಆದರೆ ಮದುವೆಗೆ ಮುಂಚೆ ನಮ್ಮಮ್ಮನ ಹೆಸರು ಮೇರಿ ಥಾಮಸ್ ಅಂತಿತ್ತಲ್ಲ” ಎಂದರು.

ಬುದ್ಧಿ ಇದ್ದವನು ಅಲ್ಲೇ ನಿಲ್ಲಬೇಕಿತ್ತು. ನಾನು ಇನ್ನೂ ಮುಂದಕ್ಕೆ ಹೋದೆ. “ಈ ದೇಶದ ಗುಮಾಸ್ತರ ಕೆಲಸ ಅದು ಮಿಸೆಸ್ ಹಾರ್ಪರ್. ನನ್ನ ಲೈಸೆನ್ಸ್ ನೋಡಿ, ಹೆಸರು ಹೊಸಹೊಳಲು ಅಂತಿದೆ. ಅದು ನಾನಲ್ಲ, ನಮ್ಮೂರು. ನಿಮ್ಮ ತಾತನ ರಾಡ್ಡಾನೂ ಹೀಗೇ ನುಂಗಿಹಾಕಿದಾರೆ.”

ಅವರು ನನ್ನ ಲೈಸೆನ್ಸ್ ನೋಡಿದರು, ಏಳು ಅಡಿ ಕಾಗದ ನೋಡಿದರು, ಕಣ್ಣೊರೆಸಿಕೊಂಡರು. ಪೆನ್‌ಸಾಲೋದ ಪಾದ್ರಿಗೆ ಅವರೂ ಬರೆದರು, ನಾನೂ ಬರೆದೆ. ಜೂನ್ ಬಂತು. ಅವರನ್ನು ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದದ್ದೂ ನಾನೇ.

ಪಾದ್ರಿಯ ಉತ್ತರ ನನ್ನ ಕೈಸೇರಿದ್ದು ಅದಾದ ಮೂರು ದಿನಕ್ಕೆ. ಬಹಳ ಮರ್ಯಾದಸ್ಥರ ಕಾಗದ. ಥಾಮಸ್ ರಾಡ್ಡಾ ತಮ್ಮ ಊರಿನವನೇ ಹೌದು. ಅವನ ಸಮಾಧಿ ಚರ್ಚಿನ ಗೇಟಿನ ಪಕ್ಕದಲ್ಲೇ ಇದೆ. ತೀರಿಕೊಂಡಾಗ ಅವನಿಗೆ ನಾಲ್ಕು ವರ್ಷ. ಇದಾದ ಮೇಲೂ ಆತ ಕ್ಯಾಲಿಫೋರ್ನಿಯಾಕ್ಕೆ ಹೋಗಿ, ಗಣಿಯಲ್ಲಿ ದುಡಿದು, ಸಂಸಾರ ಹೂಡಿದ್ದರೆ ಅದು ತಮ್ಮ ಚರ್ಚಿಗೆ ಅತ್ಯಂತ ಹೆಮ್ಮೆಯ ವಿಷಯ. ತಾವು ಯಾವ ವಿಧಾನದಿಂದ ಇದನ್ನು ಕಂಡುಹಿಡಿದಿರೆಂದು ತಿಳಿಸಬಹುದೇ? ರಾಡ್ಡಾ ಮನೆಯವರು ಮಿಸೆಸ್ ಹಾರ್ಪರ್‌ಗಾಗಿ ಕೇಕು ಮಾಡಲು ಶುರುಮಾಡಿದ್ದಾರೆ.

ವಿಮಲಾ ಕಾಗದ ಓದಿದಳು. ನನ್ನ ವಿಧಾನವನ್ನೂ ಕೇಳಿದಳು.

“ಇನಿಷಿಯಲ್ಲು ನೋಡಿ ಊರು ಹಿಡಿದ್ರಾ? ಅವರಿಗೆಲ್ಲಿ ರೀ ನಮ್ಮ ಹಾಗೆ ಊರು, ಅಪ್ಪ ಅಂತ ಮುಂದೆ ಇರುತ್ತೆ? ಥಾಮಸ್ ಅನ್ನೋದೇ ಮನೆತನದ ಹೆಸರು. ಪೀಟರೋ ಪಾಲೋ ಇರಬೇಕು ಆ ತಾತ. ಎಂಟು ವರ್ಷದಿಂದ ಈ ದೇಶದಲ್ಲಿದೀರ!”

ಎಪ್ಪತ್ತೆಂಟು ವರ್ಷದ ಹೆಂಗಸು, ಜೀವನದಲ್ಲಿ ಒಂದೇ ಪ್ರಯಾಣ, ಅವರನ್ನು ನಾನು ಯಾರದೋ ನಾಲ್ಕು ವರ್ಷದ ಮಗುವಿನ ಸಮಾಧಿಗೆ ಕಳಿಸಿದ್ದೆ. ನನಗೆ ನಿಜವಾಗಿ ನಾಚಿಕೆಯಾಯಿತು. ಅವರು ಊರಲ್ಲಿಲ್ಲದಿದ್ದರೂ ಎರಡು ವಾರ ಬೇಲಿಯ ಕಡೆ ತಲೆ ಹಾಕಲಿಲ್ಲ.

ಅವರು ಬಂದ ಮಾರನೆಯ ದಿನ ಹೋಗಿ ಕ್ಷಮೆ ಕೇಳಿದೆ.

“ಪಾದ್ರಿ ಒಳ್ಳೆಯವರು. ಬಸ್ಸಿಳಿದ ಕೂಡಲೇ ಮೆಲ್ಲಗೆ ಹೇಳಿದರು” ಎಂದರು ಮಿಸೆಸ್ ಹಾರ್ಪರ್. “ಆದರೆ ಅಷ್ಟರಲ್ಲಿ ರಾಡ್ಡಾ ಮನೆಯ ಇಪ್ಪತ್ತಮೂರು ಜನ ಚರ್ಚಿನ ಬಾಗಿಲಲ್ಲಿ ನಿಂತಿದ್ದರು. ಪಾದ್ರಿಗೆ ನೀವು ಬರೆದ ಕಾಗದವನ್ನ ಗೋಡೆಗೆ ಅಂಟಿಸಿದ್ದರು. ಅವರಿಗೆ ಹೇಳೋಕೆ ಪಾದ್ರಿಗೆ ಮನಸ್ಸು ಬಂದಿರಲಿಲ್ಲ. ‘ನಾನು ನಿಮ್ಮವಳಲ್ಲ’ ಅಂತ ನಾನೇ ಎಲ್ಲರಿಗೂ ಹೇಳಬೇಕಾಯ್ತು. ಅದು ಕಷ್ಟ ಆಯ್ತು.”

ನಾನು ಬಾಗಿಲಿನ ಕಾಲೊರೆಸುವ ಚಾಪೆಯ ಮೇಲಿನ ಅಕ್ಷರ ಓದುತ್ತಾ ನಿಂತಿದ್ದೆ.

“ಮಾರನೇ ದಿನ ಪಾದ್ರಿ ತಮ್ಮ ಕಾರಿನಲ್ಲಿ ನಾಲ್ಕು ಚರ್ಚು ತೋರಿಸಿದರು. ಎಲ್ಲ ಕಡೆಯೂ ಥಾಮಸರಿದ್ದಾರೆ. ನಾಲ್ಕನೇದರಲ್ಲಿ ನನಗೆ ಸುಸ್ತಾಯ್ತು, ಕೂತುಬಿಟ್ಟೆ.”

“ಅದೇ ನಿಮ್ಮ ತಾತನ ಚರ್ಚೇ?”

“ಗೊತ್ತಿಲ್ಲ. ‘ತಾತ, ಮೇರಿಯ ಮಗಳು ಬಂದಿದೀನಿ’ ಅಂದೆ. ಇದ್ದಿದ್ದರೆ ಕೇಳಿಸಿರುತ್ತೆ.”

“ಈ ಸಲ ಸರಿಯಾಗಿ ಹುಡುಕ್ತೀನಿ ಮಿಸೆಸ್ ಹಾರ್ಪರ್. ಇನ್ನು ನಾಲ್ಕೇ ಶನಿವಾರ ಕೊಡಿ.”

“ದಯವಿಟ್ಟು ಬೇಡ. ಸಿಕ್ಕಿಬಿಟ್ಟರೆ ಹೋಗಬೇಕು ಅನ್ನಿಸುತ್ತೆ” ಎಂದು ಒಳಗೆ ಹೋಗಿ, ಒಂದು ಡಬ್ಬ ತಂದು ನನ್ನ ಕೈಗಿಟ್ಟರು. “ರಾಡ್ಡಾ ಮನೆಯವರು ಬಲವಂತ ಮಾಡಿ ಕೊಟ್ಟರು. ನನಗೆ ತಿನ್ನೋಕೆ ಮನಸ್ಸು ಬರಲಿಲ್ಲ.”

ಕೇಸರಿ ಹಾಕಿದ ಕೇಕು. ಮಗಳು ಎರಡು ತುಂಡು ತಿಂದಳು, ವಿಮಲಾ ಮೂರು. ನಾನು ಮುಟ್ಟಲಿಲ್ಲ.

“ಯಾಕ್ರೀ, ಮೊಟ್ಟೆ ಹಾಕಿದಾರೆ ಅಂತಲಾ?” ಎಂದಳು ವಿಮಲಾ.

“ಅಲ್ಲ ಕಣೇ. ಇದು ಅವರು ತಮ್ಮ ವಂಶದವರಿಗೆ ಅಂತ ಮಾಡಿದ್ದು.”

“ಹಾಗಾದ್ರೆ ಸುಮ್ನೆ ತಿನ್ನಿ” ಎಂದು ಅವಳು ಒಂದು ತುಂಡನ್ನು ನನ್ನ ತಟ್ಟೆಗೆ ಹಾಕಿದಳು. “ಆ ವಂಶಕ್ಕೆ ಮೂಲಪುರುಷ ನೀವೇ ತಾನೇ?”